ನಾಲ್ಕು ನಕ್ಷತ್ರ ನೋಡಿ ಅಮ್ಮನನ್ನು ಸೇರಿಸಿದೆ

ಅಮೆರಿಕದಲ್ಲಿ ವಯಸ್ಸಾದ ತಂದೆತಾಯಿಯರನ್ನು ಜೊತೆಗಿಟ್ಟುಕೊಂಡಿರುವವರು ಇದನ್ನು ಈಗಲೇ ಓದಿಟ್ಟುಕೊಳ್ಳಿ. ಬೇಕಾದ ಹೊತ್ತಿಗೆ ಓದಲು ಪುರಸೊತ್ತು ಸಿಗುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ ಸಂಜೆ.

ಅಮ್ಮನಿಗೆ 78. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ನಾಲ್ಕನೆಯ ದಿನ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಒಂದು ಪಟ್ಟಿ ಕೈಗಿತ್ತು, ಇವುಗಳಲ್ಲಿ ಯಾವ ನರ್ಸಿಂಗ್ ಹೋಮ್ ಎಂದು ನಾಳೆ ಬೆಳಿಗ್ಗೆಯೊಳಗೆ ಹೇಳಿ ಎಂದರು. (ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಚಿಕ್ಕ ಆಸ್ಪತ್ರೆ. ಇಲ್ಲಿ ಅದು ನಡೆಯಲಾಗದವರನ್ನು ವಾರಗಟ್ಟಲೆ, ವರ್ಷಗಟ್ಟಲೆ ನೋಡಿಕೊಳ್ಳುವ ಜಾಗ. ಅಮ್ಮನಿಗೆ ಇದನ್ನು ವಿವರಿಸುವುದರಲ್ಲೇ ಅರ್ಧ ಸಂಜೆ ಹೋಯಿತು.) ಕ್ಯಾಂಟೀನಿನಲ್ಲಿ ಕುಳಿತು ಮೊಬೈಲಿನಲ್ಲಿ, ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕೇರ್ ಕಂಪೇರ್ ತಾಣ ತೆರೆದೆ. ಅಲ್ಲಿ ನರ್ಸಿಂಗ್ ಹೋಮುಗಳಿಗೆ ಐದರವರೆಗೆ ನಕ್ಷತ್ರ ಕೊಟ್ಟಿರುತ್ತಾರೆ. ಪಟ್ಟಿಯಲ್ಲಿದ್ದ ಒಂದಕ್ಕೆ ನಾಲ್ಕು ನಕ್ಷತ್ರವಿತ್ತು, ಮನೆಯಿಂದ ಹತ್ತು ನಿಮಿಷದ ದಾರಿ. ಸರ್ಕಾರವೇ ಕೊಟ್ಟ ಅಂಕವಲ್ಲವೇ ಎಂದುಕೊಂಡು ಅದನ್ನೇ ಹೇಳಿಬಿಟ್ಟೆ.

ಶುಕ್ರವಾರ ಸಂಜೆ ಅಲ್ಲಿಗೆ ಸಾಗಿಸಿದರು. ಶನಿವಾರ ಬೆಳಿಗ್ಗೆ ಹೋದಾಗ ಅಮ್ಮ ಒದ್ದೆ ಹಾಸಿಗೆಯ ಮೇಲಿದ್ದಳು. ಕರೆಗಂಟೆಯ ಗುಂಡಿ ನೆಲಕ್ಕೆ ಬಿದ್ದಿತ್ತು. ಅವಳಿಗೆ ಬರುವ ಇಂಗ್ಲಿಷ್ 'ವಾಟರ್' ಮತ್ತು 'ಪೇನ್', ಅಷ್ಟೇ. ಇಡೀ ಸಾಲಿನ ಕೋಣೆಗಳಿಗೆ ಒಬ್ಬಳೇ ಸಹಾಯಕಿ ಓಡಾಡುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಆ ಹುಡುಗಿಗೆ ಉಸಿರಾಡಲೂ ಬಿಡುವಿರಲಿಲ್ಲ. ಭಾನುವಾರ ನಾನು ಹಾಸಿಗೆಯ ಪಕ್ಕದ ಕುರ್ಚಿ ಬಿಟ್ಟು ಏಳದೆ ನಾಲ್ಕು ಗಂಟೆ ಕುಳಿತಿದ್ದೆ. ಯಾರೂ ಬರಲಿಲ್ಲ. ಸೋಮವಾರ ದಾಖಲೆ ತೋರಿಸಿ ಎಂದು ಪಟ್ಟು ಹಿಡಿದಾಗ ಅದರಲ್ಲಿ ಅದೇ ನಾಲ್ಕು ಗಂಟೆಗಳಲ್ಲಿ ಎರಡು ಸಲ 'ರೋಗಿಯನ್ನು ಮಗ್ಗುಲು ಬದಲಿಸಲಾಗಿದೆ' ಎಂದು ಸಹಿ ಬಿದ್ದಿತ್ತು.

ಅಂದೇ ಕಾಲುಚೀಲ ತೆಗೆದು ನೋಡಿದೆ. ಎಡ ಹಿಮ್ಮಡಿಯಲ್ಲಿ ನಾಲ್ಕಾಣೆ ಅಗಲದ ಕಪ್ಪು ಕಲೆ. ಒತ್ತಡದ ಹುಣ್ಣು. ಸೊಂಟ ಮುರಿದವರು ಕಾಲು ಅಲ್ಲಾಡಿಸದೆ ಮಲಗಿದಾಗ ಹಿಮ್ಮಡಿಯ ಮೇಲೆ ಭಾರ ಬಿದ್ದು ರಕ್ತ ಹರಿಯದೆ ಚರ್ಮ ಸಾಯುತ್ತದೆ. ಮೀನಖಂಡದ ಕೆಳಗೆ ಒಂದು ದಿಂಬಿಟ್ಟು ಹಿಮ್ಮಡಿಯನ್ನು ಎತ್ತರಿಸಿದ್ದರೆ ಸಾಕಿತ್ತು.

ಆ ಸುಳ್ಳು ಸಹಿ ನೋಡಿದ ಮೇಲೆಯೇ ನಕ್ಷತ್ರಗಳನ್ನು ಯಾರು ಬರೆಯುತ್ತಾರೆ ಎಂದು ಹುಡುಕಲು ಕುಳಿತದ್ದು. 2008ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಟ್ಟು ಅಂಕದ ಒಳಗೆ ಬೇರೆ ಬೇರೆ ಮೂರು ಅಂಕಗಳಿವೆ: ತಪಾಸಣೆ, ಸಿಬ್ಬಂದಿ, ಗುಣಮಟ್ಟದ ಅಳತೆ. ತಪಾಸಣೆಯೇ ಬುನಾದಿ. ಉಳಿದೆರಡರಲ್ಲಿ ಐದು ಬಂದರೆ ತಲಾ ಒಂದು ನಕ್ಷತ್ರ ಕೂಡುತ್ತಾರೆ, ಒಂದೇ ಬಂದರೆ ಕಳೆಯುತ್ತಾರೆ. ತಪಾಸಣೆಗೆ ರಾಜ್ಯದ ಅಧಿಕಾರಿಗಳು ಬರುತ್ತಾರೆ. ಸಿಬ್ಬಂದಿಯ ಲೆಕ್ಕ 2018ರಿಂದ ಸಂಬಳದ ದಾಖಲೆಗಳಿಂದ ಬರುತ್ತಿದೆ, ಅದಕ್ಕೂ ಮೊದಲು ಸಂಸ್ಥೆಯವರು ಹೇಳಿದ್ದೇ ಲೆಕ್ಕವಾಗಿತ್ತು. ಗುಣಮಟ್ಟದ ಅಳತೆಗಳಲ್ಲಿ ಕೆಲವು ಮೆಡಿಕೇರ್ ಬಿಲ್ಲುಗಳಿಂದ ಸಿಗುತ್ತವೆ. ಬಹುಪಾಲು ಮಾತ್ರ ಸಂಸ್ಥೆಯೇ ತನ್ನ ರೋಗಿಗಳ ಬಗ್ಗೆ ತುಂಬಿ ಕಳಿಸುವ ನಮೂನೆಯಿಂದ. ಎಷ್ಟು ಜನ ಬಿದ್ದರು, ಎಷ್ಟು ಜನರಿಗೆ ಹುಣ್ಣಾಯಿತು ಎಂಬುದೆಲ್ಲ ಅದರಲ್ಲೇ.

ನಾನು ಆರಿಸಿದ ಜಾಗಕ್ಕೆ ತಪಾಸಣೆಯಲ್ಲಿ ಮೂರು, ಸಿಬ್ಬಂದಿಯಲ್ಲಿ ಮೂರು, ಗುಣಮಟ್ಟದಲ್ಲಿ ಐದು. ನಾಲ್ಕನೆಯ ನಕ್ಷತ್ರ ಎಲ್ಲಿಂದ ಬಂತೆಂದು ತಿಳಿದು ಮೈ ಉರಿಯಿತು. ತಪಾಸಣೆಯ ಮೂರೂ ಅಂಥ ದೊಡ್ಡ ಸಂಗತಿಯಲ್ಲ. ಆಯಾ ರಾಜ್ಯದೊಳಗೇ ಹೋಲಿಸಿ, ಮೇಲಿನ ಶೇ. 10ಕ್ಕೆ ಐದು, ಕೆಳಗಿನ ಶೇ. 20ಕ್ಕೆ ಒಂದು, ನಡುವಿನವರಿಗೆ ಎರಡು, ಮೂರು, ನಾಲ್ಕು ಎಂದು ಸಮನಾಗಿ ಹಂಚುತ್ತಾರೆ. ಅಕ್ಕಪಕ್ಕದವರು ಕೆಟ್ಟಿದ್ದರೆ ನೀವು ಒಳ್ಳೆಯವರಾಗುತ್ತೀರಿ.

ಹಾಗಾಗಿ ಒಟ್ಟು ನಕ್ಷತ್ರ ನೋಡಿ ನಿಲ್ಲಿಸಬೇಡಿ. ತಪಾಸಣೆಯ ಅಂಕವನ್ನು ಒತ್ತಿ ಒಳಗೆ ಹೋದರೆ ಅಧಿಕಾರಿಗಳು ಬರೆದ ವರದಿಯೇ ಸಿಗುತ್ತದೆ. ಓದಲು ಬೇಸರ, ಆದರೂ ಓದಿ. ನಾನು ತಡವಾಗಿ ಓದಿದಾಗ ಕರೆಗಂಟೆಗೆ ಉತ್ತರಿಸದ ಪ್ರಕರಣ ಹಿಂದಿನ ವರ್ಷವೇ ಅಲ್ಲಿ ದಾಖಲಾಗಿತ್ತು. ಆ ವರದಿಯನ್ನು ಕೇಳಿದವರಿಗೆ ತೋರಿಸುವುದು ಸಂಸ್ಥೆಯ ಕರ್ತವ್ಯ ಕೂಡ. ಸಿಬ್ಬಂದಿಯ ಪುಟದಲ್ಲಿ ವಾರಾಂತ್ಯದ ಗಂಟೆಗಳನ್ನೂ ವರ್ಷದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರೆಂಬುದನ್ನೂ 2022ರಿಂದ ಬೇರೆಯಾಗಿ ತೋರಿಸುತ್ತಿದ್ದಾರೆ. ಶುಕ್ರವಾರ ಸಂಜೆ ಸೇರಿಸುವವರು ಮೊದಲು ನೋಡಬೇಕಾದದ್ದು ಅದನ್ನು. ಹೆಸರಿನ ಪಕ್ಕದಲ್ಲಿ ಕೆಂಪು ವೃತ್ತದೊಳಗೆ ಕೈ ಗುರುತಿದ್ದರೆ ದೌರ್ಜನ್ಯದ ಪ್ರಕರಣ ನಡೆದಿದೆ ಎಂದರ್ಥ, ಮುಂದಿನದಕ್ಕೆ ಹೋಗಿ. ಇನ್ನೊಂದು ಮಾತು: ದಿನನಿತ್ಯದ ಕೆಲಸಗಳಿಗೆ ನೆರವು ಕೊಡುವ, ಅಸಿಸ್ಟೆಡ್ ಲಿವಿಂಗ್ ಎನ್ನುವ ಮನೆಗಳಿಗೆ ಈ ನಕ್ಷತ್ರಗಳೇ ಇಲ್ಲ.

ಅಮ್ಮನನ್ನು ಹನ್ನೊಂದನೆಯ ದಿನ ಬೇರೆ ಕಡೆಗೆ ಕರೆದೊಯ್ದೆ. ಇಷ್ಟು ತಡವಾದದ್ದು ನನ್ನ ಅಜ್ಞಾನದಿಂದ. ಜಾಗ ಬದಲಿಸಿದರೆ ಮೆಡಿಕೇರ್ ಖರ್ಚು ಭರಿಸುವ 100 ದಿನ ಕೈಬಿಟ್ಟುಹೋಗುತ್ತದೆ ಎಂದು ಹೆದರಿದ್ದೆ. ಉಳಿದ ದಿನಗಳು ಹೊಸ ಜಾಗದಲ್ಲೂ ನಡೆಯುತ್ತವೆ. ಈ ಸಲ ಭಾನುವಾರ ಸಂಜೆ, ಹೇಳದೆ ಕೇಳದೆ ಹೋಗಿ ಮೊಗಸಾಲೆಯಲ್ಲಿ ಅರ್ಧ ಗಂಟೆ ನಿಂತು, ಗಂಟೆ ಬಾರಿಸಿದರೆ ಎಷ್ಟು ಹೊತ್ತಿಗೆ ಬರುತ್ತಾರೆಂದು ನೋಡಿದ್ದೆ. ಅದಕ್ಕೆ ಇದ್ದದ್ದು ಒಟ್ಟು ಮೂರು ನಕ್ಷತ್ರ. ಹುಣ್ಣು ಮಾಯಲು ಒಂಬತ್ತು ವಾರ ಹಿಡಿಯಿತು.

ಇಂಥ ಜಾಗಗಳಲ್ಲಿರುವವರ ದೂರು ವಿಚಾರಿಸುವ ಒಂಬುಡ್ಸ್‌ಮನ್ ಕಚೇರಿಗೂ ರಾಜ್ಯದ ಆರೋಗ್ಯ ಇಲಾಖೆಗೂ ದೂರು ಕೊಟ್ಟೆ. ವಿಚಾರಣೆಯಲ್ಲಿ ಸಂಸ್ಥೆ ಕೊಟ್ಟ ಉತ್ತರ: ಹುಣ್ಣು ಆಸ್ಪತ್ರೆಯಿಂದ ಬರುವಾಗಲೇ ಇತ್ತು. ಸೇರಿಸುವ ದಿನವೇ ಹಿಮ್ಮಡಿ, ಬೆನ್ನಿನ ಕೆಳಭಾಗ, ಮೊಣಕೈಗಳ ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ಹತ್ತಿರ ಇದ್ದದ್ದು ಸೋಮವಾರದ್ದು ಮಾತ್ರ.