ಓಮ್ನಿಯೋ, ಟ್ರಾವೆಲರ್ರೋ? ಶಿರಸಿಯಿಂದ ಮಾಜಾಳಿವರೆಗೆ ಮಲಗಿ ನೋಡಿದ್ದು

ನಮ್ಮ ಮನೆ ಶಿರಸಿಯಲ್ಲಿ. ಕಳೆದ ಎರಡು ವರ್ಷದಲ್ಲಿ ಒಂದೇ ದಾರಿಯಲ್ಲಿ ಮೂರು ತರದ ಗಾಡಿಯಲ್ಲಿ ಓಡಾಡಿ, ರಾತ್ರಿ ಗಾಡಿಯಲ್ಲೇ ಮಲಗಿ ನೋಡಿದ್ದೇವೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಗೋಕರ್ಣ, ಅಂಕೋಲಾ, ಕಾರವಾರ, ಕಾಳಿ ನದಿ ದಾಟಿ ಗೋವಾ ಗಡಿಯ ಮಾಜಾಳಿ. ವಾಪಸ್ ಬರುವಾಗ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಮನೆಗೆ.

ಮೊದಲನೆಯದು ನಮ್ಮದೇ ಹಳೆಯ ಮಾರುತಿ ಓಮ್ನಿ. ಡಿಸೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ನಾನು, ನಮ್ಮ ಮನೆಯವರು ಇಬ್ಬರೇ ಹೋದೆವು. ಎರಡನೆಯದು ಬಾಡಿಗೆಗೆ ತಂದ ಕ್ಯಾಂಪರ್ ವ್ಯಾನ್. ಟೆಂಪೋ ಟ್ರಾವೆಲರ್ ಒಳಗೆ ಮನೆಯ ಹಾಗೆ ಕಟ್ಟಿದ್ದು, ಡ್ರೈವರ್ ಸಮೇತ ಬರುತ್ತದೆ. ಮೇ ರಜೆಯಲ್ಲಿ ಅತ್ತೆ ಮತ್ತು ಮಗಳನ್ನೂ ಕರೆದುಕೊಂಡು ಅದರಲ್ಲಿ ಹೋದೆವು. ಮೂರನೆಯದು ಸ್ನೇಹಿತರ ಜೀಪಿನ ತಲೆ ಮೇಲೆ ಕಟ್ಟಿದ ಟೆಂಟು.

ಟೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಜನವರಿಯಲ್ಲಿ ಮಾಜಾಳಿ ಹತ್ತಿರ ಎರಡು ರಾತ್ರಿ ಮಲಗಿದೆವು. ನಾಲ್ಕೂ ಕಡೆಯಿಂದ ಗಾಳಿ ಆಡುತ್ತದೆ, ನಿದ್ದೆ ಚೆನ್ನಾಗಿ ಬಂತು. ಆದರೆ ರಾತ್ರಿ ಎರಡು ಗಂಟೆಗೆ ಏಳಬೇಕಾದರೆ ಕತ್ತಲಲ್ಲಿ ಏಣಿ ಇಳಿಯಬೇಕು. ಬೆಳಿಗ್ಗೆ ಇಬ್ಬನಿಗೆ ಬಟ್ಟೆಯೆಲ್ಲ ಒದ್ದೆ. ಒದ್ದೆಯನ್ನೇ ಮಡಚಿ ಕಟ್ಟಿದರೆ ಮರುದಿನ ಮುಗ್ಗಲು ವಾಸನೆ, ಒಣಗಲಿ ಅಂತ ಕಾದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಕರಾವಳಿಗೆ ನನಗಂತೂ ಬೇಡ.

ಉಳಿದ ಎರಡು ಗಾಡಿಗಳನ್ನು ಕಾಗದದ ಮೇಲೆ ನೋಡಿದರೆ ಹೋಲಿಕೆಯೇ ಇಲ್ಲ. ಟ್ರಾವೆಲರ್‌ನಲ್ಲಿ ಹಾಸಿಗೆ, ಎಸಿ, ಸಿಂಕು, ಗ್ಯಾಸ್ ಒಲೆ, ಚಿಕ್ಕ ಫ್ರಿಜ್ಜು, 150 ಲೀಟರಿನ ನೀರಿನ ಟ್ಯಾಂಕು, ಟಾಯ್ಲೆಟ್ ಎಲ್ಲ ಇತ್ತು. ಓಮ್ನಿಯಲ್ಲಿ ಇರುವುದು 796 ಸಿಸಿ ಇಂಜಿನ್ನು, ಹಿಂದಿನ ಸೀಟು ಮಡಚಿ ಅದರ ಮೇಲೆ ಇಡುವ ಪ್ಲೈವುಡ್ ಹಲಗೆ, ಹತ್ತಿಯ ಹಾಸಿಗೆ, 20 ಲೀಟರಿನ ಎರಡು ನೀರಿನ ಕ್ಯಾನು, ಐದು ಕಿಲೋ ಗ್ಯಾಸ್ ಸಿಲಿಂಡರು. ಟಾಯ್ಲೆಟ್ ಇಲ್ಲ. ಆದರೂ ನಮಗೆ ದಿನಾ ಒಳ್ಳೆಯ ಸ್ನಾನ ಆಗಿದ್ದು, ಸ್ವಚ್ಛ ಟಾಯ್ಲೆಟ್ ಸಿಕ್ಕಿದ್ದು ಓಮ್ನಿಯಲ್ಲಿ ಹೋದಾಗಲೇ.

ಕಾರಣ, ಗಾಡಿ ನಿಲ್ಲಿಸುವ ಜಾಗ. ಓಮ್ನಿಯ ಉದ್ದ ಹನ್ನೊಂದಡಿ ಚಿಲ್ಲರೆ, ಅಗಲ ಐದಡಿಯೂ ಇಲ್ಲ. ಎತ್ತಿನ ಗಾಡಿ ಹೋಗುವ ಕಡೆ ಅದೂ ಹೋಗುತ್ತದೆ. ಡಿಸೆಂಬರ್‌ನಲ್ಲಿ ಅಂಕೋಲಾ ದಾಟಿದ ಮೇಲೆ ಸಂಜೆಯಾಯಿತು. ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿದು, ತೆಂಗಿನ ತೋಟದ ನಡುವಿನ ಒಂದು ಮನೆ ಮುಂದೆ ನಿಲ್ಲಿಸಿ ಕೇಳಿದೆವು. ಆ ಮನೆಯ ಅಜ್ಜಿ ಗಾಡಿಯ ಬಾಗಿಲು ಸರಿಸಿ ಒಳಗೆ ಇಣುಕಿ ನೋಡಿದರು. ಹಾಸಿಗೆ, ದಿಂಬು, ಅವಲಕ್ಕಿ ಡಬ್ಬಿ ಕಂಡಿತು. "ಅಡ್ಡಿಲ್ಲ, ಅಂಗಳದಲ್ಲೇ ನಿಲ್ಸಿ. ಬಾವಿ ಅಲ್ಲೇ ಇದೆ" ಅಂದರು. ರಾತ್ರಿ ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಸಿಕ್ಕಿತು. ಮರುದಿನ ಹೊರಡುವಾಗ ಶಿರಸಿಯಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಅವರಿಗೆ ಕೊಟ್ಟು ಬಂದೆ.

ಅದೇ ಮನೆಗೆ ಮೇ ತಿಂಗಳಲ್ಲಿ ಟ್ರಾವೆಲರ್ ತೆಗೆದುಕೊಂಡು ಹೋದೆವು, ಅತ್ತೆಯನ್ನು ಅಜ್ಜಿಗೆ ಪರಿಚಯ ಮಾಡಿಸೋಣ ಅಂತ. ಗಾಡಿ ಒಳಗೆ ಹೋಗಲಿಲ್ಲ. ಒಂದು ಬದಿ ಚಿರೇಕಲ್ಲಿನ ಪಾಗಾರ, ಮೇಲೆ ಜೋತುಬಿದ್ದ ಕರೆಂಟಿನ ತಂತಿ. ಡ್ರೈವರ್ ತಲೆಯಲ್ಲಾಡಿಸಿದರು. ಅವರು ಮಾಡಿದ್ದೇ ಸರಿ. ಅಜ್ಜಿಯೇ ರಸ್ತೆಗೆ ಬಂದು ಮಾತಾಡಿಸಿ ಹೋದರು. ಆ ರಾತ್ರಿ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ, ಲಾರಿಗಳ ನಡುವೆ ಮಲಗಿದೆವು. ಬೆಳಗಿನವರೆಗೂ ಹಾರ್ನ್.

ಇದು ಒಂದು ರಾತ್ರಿಯ ಕತೆ ಅಲ್ಲ. ದೊಡ್ಡ ಗಾಡಿಗೆ ನಮ್ಮ ಜಿಲ್ಲೆಯಲ್ಲಿ ಜಾಗವೇ ಕಡಿಮೆ. ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ನಡುವೆ ಪಟ್ಟಿಯಂಥ ನೆಲ. ಅದರಲ್ಲೇ 66ನೇ ಹೆದ್ದಾರಿ, ರೈಲು, ಊರು, ಗದ್ದೆ. ಬಿಣಗಾದಿಂದ ಆಚೆ ಅರ್ಗಾ ಸುತ್ತ ನೌಕಾನೆಲೆ ಇದೆ, ಅಲ್ಲಿ ನಿಲ್ಲಿಸುವ ಮಾತೇ ಇಲ್ಲ. ಗೋಕರ್ಣದ ಪೇಟೆ ಬೀದಿಯಲ್ಲಿ ಓಮ್ನಿ ಸುಮ್ನೆ ನುಸುಳುತ್ತದೆ. ಟ್ರಾವೆಲರನ್ನು ಊರ ಹೊರಗೇ ಬಿಟ್ಟು, ಮೇ ಬಿಸಿಲಲ್ಲಿ ಅತ್ತೆಯನ್ನು ರಿಕ್ಷಾದಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆವು.

ಕಡಲ ದಂಡೆಯ ಮೇಲೇ ಗಾಡಿ ನಿಲ್ಲಿಸಿ, ಬಾಗಿಲು ತೆರೆದರೆ ಅಲೆ ಕಾಣುವ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಎರಡು ಗಾಡಿಯಲ್ಲೂ ಆ ಆಸೆ ಬೇಡ. ಮರಳಿನಲ್ಲಿ ಚಕ್ರ ಒಮ್ಮೆ ಹೂತರೆ, ಗೇರ್ ಹಾಕಿದಷ್ಟೂ ಕೆಳಗೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಭರತದ ನೀರು ಬೇರೆ ದಿನಕ್ಕಿಂತ ಮೇಲೆ ಬರುತ್ತದೆ. ಸಂಜೆ ಒಣಗಿದ್ದ ಮರಳು ನಡುರಾತ್ರಿ ನೀರಲ್ಲಿ ಇರಬಹುದು. ಗಾಳಿ ಮರದ ಸಾಲಿನ ಹಿಂದೆ ಗಟ್ಟಿ ನೆಲ ನೋಡಿ ನಿಲ್ಲಿಸಿ.

ಇನ್ನು ಸೆಕೆ. ಇಲ್ಲಿ ಟ್ರಾವೆಲರ್ ಗೆಲ್ಲುತ್ತದೆ ಅಂತಲೇ ನಾನೂ ಅಂದುಕೊಂಡಿದ್ದೆ, ಎಸಿ ಇದೆಯಲ್ವಾ. ಲೆಕ್ಕ ನೋಡಿ. ಒಂದು ಟನ್ನಿನ ಎಸಿ ಓಡುವಾಗ ಗಂಟೆಗೆ ಸುಮಾರು ಒಂದು ಯುನಿಟ್ ಕರೆಂಟು ಬೇಕು. ಬಿಟ್ಟು ಬಿಟ್ಟು ಓಡಿದರೂ ರಾತ್ರಿಗೆ ನಾಲ್ಕೈದು ಯುನಿಟ್ ಆಗುತ್ತದೆ. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬಿಕೊಂಡಿರುವುದೇ 1.2 ಯುನಿಟ್. ಲೆಡ್ ಆಸಿಡ್ ಬ್ಯಾಟರಿಯಾದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ತೆಗೆಯಬಾರದು, ಬೇಗ ಹಾಳಾಗುತ್ತದೆ. ಅಂದರೆ ಹೊರಗಿನ ಕರೆಂಟಿಗೆ ವೈರು ಚುಚ್ಚದೆ ಎಸಿ ಇಲ್ಲ. ರಾತ್ರಿಯಾದರೆ ಗಾಡಿ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ, ಪ್ಲಗ್ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಎರಡು ರಾತ್ರಿ ಒಂದು ರೆಸಾರ್ಟಿನ ಅಂಗಳದಲ್ಲಿ ದುಡ್ಡು ಕೊಟ್ಟು ನಿಂತೆವು. ಉಳಿದ ರಾತ್ರಿ ಎಸಿ ಇಲ್ಲದೆ, ಚಿಕ್ಕ ಕಿಟಕಿಗಳ ಆ ಪೆಟ್ಟಿಗೆಯಲ್ಲಿ ಬೆವತುಹೋದೆವು. ಎಸಿಯನ್ನು ನಂಬಿ ಕಟ್ಟಿದ ಗಾಡಿಗೆ ಕಿಟಕಿ ಕಡಿಮೆ ಇಟ್ಟಿರುತ್ತಾರೆ.

ಓಮ್ನಿಗೆ ನಾವು ಒಂದು ಚಿಕ್ಕ ಲಿಥಿಯಂ ಬ್ಯಾಟರಿ, 40 ಆಂಪಿಯರ್-ಅವರ್‌ದು, ಇಟ್ಟುಕೊಂಡಿದ್ದೇವೆ. ಅದರಲ್ಲಿ ಅರ್ಧ ಯುನಿಟ್, ಅಂದರೆ ಸುಮಾರು 500 ವ್ಯಾಟ್-ಅವರ್ ಇರುತ್ತದೆ. 15 ವ್ಯಾಟಿನ ಫ್ಯಾನು ರಾತ್ರಿಯಿಡೀ ತಿರುಗಿದರೆ 120 ವ್ಯಾಟ್-ಅವರ್. ದೀಪ, ಎರಡು ಮೊಬೈಲು ಸೇರಿ ಇನ್ನೊಂದು ಅರವತ್ತು. ಬಿಸಿಲೇ ಬರದಿದ್ದರೂ ಎರಡು ರಾತ್ರಿ ಧೈರ್ಯವಾಗಿ ಹೋಗುತ್ತದೆ. 100 ವ್ಯಾಟಿನ ಸೋಲಾರ್ ಹಲಗೆಯನ್ನು ಹಗಲು ಅಂಗಳದಲ್ಲಿ ಒರಗಿಸಿ ಇಟ್ಟರೆ ಆ ಖರ್ಚು ಪೂರ್ತಿ ವಾಪಸ್ ಬರುತ್ತದೆ. ಕಿಟಕಿಗೆ, ಹಿಂಬಾಗಿಲಿಗೆ ಸೊಳ್ಳೆ ಪರದೆ ಹೊಲಿದುಕೊಂಡಿದ್ದೇನೆ. ಹಿಂಬಾಗಿಲು ಎತ್ತಿ ಸಮುದ್ರದ ಕಡೆ ಮುಖ ಮಾಡಿದರೆ ಗಾಳಿ ಬರುತ್ತದೆ. ಏಪ್ರಿಲ್‌ನಲ್ಲಿ ಸೆಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಟ್ರಾವೆಲರ್‌ನ ಬಂಕಿನ ರಾತ್ರಿಗಿಂತ ಎಷ್ಟೋ ವಾಸಿ.

ಟಾಯ್ಲೆಟ್ ವಿಷಯವನ್ನು ಹೆಂಗಸಾಗಿ ನಾನು ಬಿಡಿಸಿಯೇ ಹೇಳಬೇಕು. ರಾತ್ರಿ ಗಾಡಿಯೊಳಗೇ ಟಾಯ್ಲೆಟ್ ಇದೆ ಅನ್ನುವುದು ದೊಡ್ಡ ಧೈರ್ಯ. ಅತ್ತೆಗೆ ಮಂಡಿನೋವು, ನೆಲದ ಮೇಲೆ ಕೂರಲು ಆಗುವುದಿಲ್ಲ. ಅವರಿಗೆ ಆ ಟಾಯ್ಲೆಟ್ ಇಲ್ಲದಿದ್ದರೆ ಪ್ರವಾಸವೇ ಇರುತ್ತಿರಲಿಲ್ಲ. ಆದರೆ ಅದರ ಕೆಳಗಿನ ಪೆಟ್ಟಿಗೆ ಇಪ್ಪತ್ತು ಲೀಟರಿನದು. ನಾಲ್ಕು ಜನ ಬಳಸಿದರೆ ಎರಡನೇ ದಿನಕ್ಕೆ ತುಂಬಿತು. ಖಾಲಿ ಮಾಡುವುದು ಎಲ್ಲಿ? ಅದಕ್ಕೆ ಅಂತ ಮಾಡಿದ ಜಾಗ ನಮ್ಮ ದಾರಿಯಲ್ಲಿ ಒಂದೂ ಸಿಗಲಿಲ್ಲ. ರೆಸಾರ್ಟಿನವರನ್ನು ಕೇಳಿ, ಅವರ ಕಮೋಡಿಗೆ ಸುರಿದು ತೊಳೆದಿದ್ದು ನಾನು ಮತ್ತು ನಮ್ಮ ಮನೆಯವರು. ಬಾಡಿಗೆ ಕೊಟ್ಟವರು ಈ ವಿಷಯ ಮೊದಲೇ ಹೇಳಬೇಕಿತ್ತು. ಹಳ್ಳಕ್ಕೋ, ದಂಡೆಗೋ ಸುರಿದು ಹೋಗುವವರೂ ಇರುತ್ತಾರೆ ಅನ್ನುವ ಯೋಚನೆಯೇ ನನಗೆ ಸಂಕಟ. ಆ ಹಳ್ಳದ ನೀರೇ ಕೆಳಗಿನ ಮನೆಯ ಬಾವಿಗೆ ಹೋಗುತ್ತದೆ.

ನೀರಿನದೂ ಅದೇ ಕತೆ. 150 ಲೀಟರ್ ಅಂದರೆ 150 ಕಿಲೋ ಭಾರ. ಶವರ್ ಇದ್ದಾಗ ಕೈ ಧಾರಾಳವಾಗುತ್ತದೆ, ನಮ್ಮ ಟ್ಯಾಂಕು ಒಂದೂವರೆ ದಿನಕ್ಕೆ ಖಾಲಿ. ಮೇ ತಿಂಗಳಲ್ಲಿ ಹೊಳೆಬಾಯಿ ಹತ್ತಿರದ ಎಷ್ಟೋ ಬಾವಿಗಳ ನೀರು ಉಪ್ಪಾಗಿರುತ್ತದೆ. ಊರವರಿಗೇ ನೀರು ಸಾಲದ ಹೊತ್ತಿನಲ್ಲಿ ಪೈಪು ಹಾಕಿ ಟ್ಯಾಂಕು ತುಂಬಿಸಿ ಅಂತ ಯಾರನ್ನಾದರೂ ಹೇಗೆ ಕೇಳುವುದು? ಒಂದು ಕ್ಯಾನು ಹಿಡಿದು ಹೋದರೆ ಕೇಳುವವರಿಗೂ ಕೊಡುವವರಿಗೂ ಮುಜುಗರ ಇಲ್ಲ.

ಅಡುಗೆಗೆ ಟ್ರಾವೆಲರ್ ನೋಡಲು ಚೆಂದ. ಕಾರವಾರದ ಮಾರ್ಕೆಟ್ಟಿನಲ್ಲಿ ಬಂಗಡೆ ತಂದು ಒಳಗೇ ಹುರಿದೆ. ಊಟ ಬಹಳ ರುಚಿಯಾಗಿತ್ತು, ವಾಸನೆ ಮಾತ್ರ ಹಾಸಿಗೆ, ಪರದೆಯಲ್ಲಿ ಮೂರು ದಿನ ಉಳಿಯಿತು. ಓಮ್ನಿಯಲ್ಲಿ ಒಲೆ ಹಚ್ಚುವುದು ಯಾವಾಗಲೂ ಹೊರಗೆ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಖಾನಾವಳಿಯಲ್ಲಿ ಮೀನೂಟ, ರಾತ್ರಿ ಗಂಜಿ, ಉಪ್ಪಿನಕಾಯಿ. ಒಂದು ಮಾತು ದಯವಿಟ್ಟು ನೆನಪಿಡಿ. ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಘಟ್ಟದ ಮೇಲೆ ಚಳಿ ಅಂತ ಗಾಡಿ ಮುಚ್ಚಿ ಕೆಂಡವನ್ನೋ, ಒಲೆಯನ್ನೋ ಒಳಗೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಘಟ್ಟದಲ್ಲಿ ಓಮ್ನಿಗೆ ತ್ರಾಣ ಸಾಲದು. ಅರಬೈಲಿನಲ್ಲಿ ಎರಡನೇ ಗೇರು, ತಿರುವಿನಲ್ಲಿ ಒಂದನೇದು. ಇಂಜಿನ್ನು ಸೀಟಿನ ಕೆಳಗೇ ಇರುವುದರಿಂದ ಕೂತ ಜಾಗ ಕಾಯುತ್ತದೆ. ಟ್ರಾವೆಲರ್ ಆರಾಮಾಗಿ ಹತ್ತಿತು, ಆದರೆ ಹಿಂದೆ ಕೂತವರಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸಿತು. ಮಗಳು ಎರಡು ಸಲ ವಾಂತಿ ಮಾಡಿಕೊಂಡಳು.

ಮಳೆಗಾಲದಲ್ಲಿ ಎರಡನ್ನೂ ತೆಗೆಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಹೆದ್ದಾರಿ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಲಾರಿ ಎಲ್ಲ ಗಂಗಾವಳಿ ನದಿ ಪಾಲಾಯಿತು. ಆ ಜಾಗ ದಾಟುವಾಗ ಈಗಲೂ ನಾವು ಮಾತಾಡುವುದಿಲ್ಲ. ಕಡಿದ ಗುಡ್ಡದ ಬುಡದಲ್ಲಿ, ಎಷ್ಟೇ ಅಗಲ ಜಾಗ ಕಂಡರೂ, ರಾತ್ರಿ ಗಾಡಿ ನಿಲ್ಲಿಸಬೇಡಿ.

ಸ್ವಂತ ಗಾಡಿಯ ಒಂದು ಕಷ್ಟ ಬಾಡಿಗೆಯವರಿಗೆ ಇಲ್ಲ. ಅದು ತುಕ್ಕು. ಉಪ್ಪುಗಾಳಿ ಓಮ್ನಿಯ ತಳವನ್ನು ತಿನ್ನುತ್ತದೆ. ಪ್ರತಿ ಸಲ ಘಟ್ಟ ಹತ್ತಿ ಬಂದ ಮರುದಿನವೇ ಸಿಹಿನೀರಿನಲ್ಲಿ ಅಡಿಭಾಗ ತೊಳೆಸುತ್ತೇವೆ. ಆದರೂ ಈ ಸಲ ಚಕ್ರದ ಮೇಲಿನ ತಗಡು ತೂತಾಗಿದೆ. ಇನ್ನೊಂದು, ಸೀಟು ಕಿತ್ತು ಖಾಯಂ ಹಾಸಿಗೆ ಕೂರಿಸುವ ಮುಂಚೆ ಆರ್‌ಟಿಒದಲ್ಲಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರಚನೆ ಬದಲಿಸಲು ಮನಸ್ಸು ಬಂದ ಹಾಗೆ ಆಗುವುದಿಲ್ಲ. ಅದಕ್ಕೇ ನಮ್ಮದು ಎತ್ತಿ ಇಡುವ ಹಲಗೆ.

ಇಬ್ಬರೇ ಹೋಗುವುದಾದರೆ ನಾನು ಕಣ್ಣು ಮುಚ್ಚಿ ಓಮ್ನಿ ಅನ್ನುತ್ತೇನೆ. ವಯಸ್ಸಾದವರು, ಮಕ್ಕಳು ಇದ್ದರೆ, ರಾತ್ರಿ ಎಲ್ಲಿ ನಿಲ್ಲುವುದು ಅಂತ ಮೊದಲೇ ಗೊತ್ತುಮಾಡಿಕೊಂಡು ಟ್ರಾವೆಲರ್. ಅದರ ದಿನದ ಬಾಡಿಗೆಯಲ್ಲಿ ಕಾರವಾರದಲ್ಲಿ ಎರಡು ಒಳ್ಳೆಯ ರೂಮು ಸಿಗುತ್ತಿತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಓಮ್ನಿ ಗ್ಯಾರೇಜಿನಲ್ಲಿದೆ, ತೂತಾದ ತಗಡಿಗೆ ವೆಲ್ಡಿಂಗ್ ಆಗುತ್ತಿದೆ. ಮಳೆ ನಿಂತ ಮೇಲೆ ಅಂಕೋಲಾದ ಆ ಅಂಗಳಕ್ಕೆ ಅತ್ತೆಯನ್ನೂ ಅದರಲ್ಲೇ ಕರೆದುಕೊಂಡು ಹೋಗಬೇಕು ಅಂತ ಇದೆ. ಅತ್ತೆ, ನಾನು ಗಾಡಿಯಲ್ಲಿ, ನಮ್ಮ ಮನೆಯವರು ಜಗುಲಿಯಲ್ಲಿ. ಮೆಡಿಕಲ್ ಅಂಗಡಿಯಿಂದ ಮಡಚುವ ಕಮೋಡ್ ಕುರ್ಚಿ ತಂದಿದ್ದೇವೆ, ಹಲಗೆಯ ಕೆಳಗೆ ಸರಿಯಾಗಿ ಹಿಡಿಸುತ್ತದೆ. ಗ್ಯಾರೇಜಿಗೆ ಬಿಡುವ ಮುಂಚೆ ಅತ್ತೆ ಒಂದು ಸಲ ಗಾಡಿ ಹತ್ತಿ, ಹಲಗೆ ಮೇಲೆ ಕಾಲು ಚಾಚಿ ಮಲಗಿ ನೋಡಿದರು. ಮೆಟ್ಟಿಲು ಸ್ವಲ್ಪ ಎತ್ತರ, ಕೆಳಗೊಂದು ಮಣೆ ಇಟ್ಟುಕೊಡು ಅಂದಿದ್ದಾರೆ.