ಅಪ್ಪ ಅಮ್ಮನ ಬಿಪಿ ನೋಡಿಸುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಪೂರ್ತಿ ಓದಿ. ನಮಗಾದದ್ದು ನಿಮಗಾಗಬಾರದು.

ಅಮ್ಮನಿಗೆ 74. ಹತ್ತು ವರ್ಷದಿಂದ ಬಿಪಿಗೆ ಒಂದೇ ಮಾತ್ರೆ, ಆರಾಮಾಗಿದ್ದರು. ಜನವರಿಯಲ್ಲಿ ಮಾಮೂಲಿ ತಪಾಸಣೆಗೆ ಕರೆದುಕೊಂಡು ಹೋದೆ. ಕ್ಲಿನಿಕ್ ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತ ತಕ್ಷಣ ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಿದರು. ಒರಗಲು ಏನೂ ಇಲ್ಲದ ಎತ್ತರದ ಸ್ಟೂಲು, ಅಮ್ಮನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕೈ ತೊಡೆಯ ಮೇಲಿತ್ತು. ಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ "ಉಪ್ಪಿನಕಾಯಿ ಜಾಸ್ತಿ ತಿಂತೀರಾ ಅಜ್ಜಿ?" ಅಂತ ಪ್ರಶ್ನೆ. ಅಮ್ಮ ಪಾಪ, ಉತ್ತರ ಹೇಳುತ್ತಲೇ ಇದ್ದರು. ಮಷಿನ್ 172/94 ತೋರಿಸಿತು. ಇನ್ನೊಂದು ಸಲ ನೋಡಲೇ ಇಲ್ಲ, ಇನ್ನೊಂದು ಮಾತ್ರೆ ಬರೆದರು. ನಾನೂ ಏನೂ ಕೇಳದೆ ಚೀಟಿ ಹಿಡಿದುಕೊಂಡು ಬಂದೆ.

ಹನ್ನೊಂದನೇ ದಿನ ಬೆಳಗಿನ ಜಾವ ಬಚ್ಚಲಿಗೆ ಹೋಗಲು ಎದ್ದವರು ಬಾಗಿಲ ಹತ್ತಿರವೇ ಕುಸಿದರು. ಬಲಗೈ ಮಣಿಕಟ್ಟು ಮುರಿಯಿತು. "ನಾಲ್ಕು ದಿನದಿಂದ ಎದ್ದ ಕೂಡ್ಲೇ ಕಣ್ಣು ಕತ್ತಲೆ ಬರ್ತಿತ್ತು ಕಣೋ. ನಿನಗ್ಯಾಕೆ ಗಾಬರಿ ಅಂತ ಹೇಳ್ಲಿಲ್ಲ" ಅಂದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಆಮೇಲೆ ತೋರಿಸಿದ ಡಾಕ್ಟರು ಮೊದಲು ಅಮ್ಮನನ್ನು ಐದು ನಿಮಿಷ ಸುಮ್ನೆ ಕೂರಿಸಿದರು. ಬೆನ್ನು ಒರಗಿ, ಪಾದ ನೆಲದ ಮೇಲೆ ಊರಿ. ಬರಿ ರಟ್ಟೆಗೆ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟರು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದರು. 124/70. ನಂತರ ಅಮ್ಮನನ್ನು ನಿಲ್ಲಿಸಿ ನೋಡಿದರೆ ಮೇಲಿನ ಅಂಕಿ 98! ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯ ಜಾಸ್ತಿಯಂತೆ. ಹೆಚ್ಚುವರಿ ಮಾತ್ರೆಯನ್ನು ಅವರೇ ನಿಲ್ಲಿಸಿದರು. ಆಮೇಲೆ ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ನೋಡಿ ಬರೆದಿಟ್ಟೆವು. 130ರಿಂದ 138ರ ನಡುವೆಯೇ ಇತ್ತು.

ಇದು ವಯಸ್ಸಾದವರಿಗೆ ಮಾತ್ರ ಅಂದುಕೊಳ್ಳಬೇಡಿ. ನನಗೆ 41, ರಟ್ಟೆ ಸುತ್ತಳತೆ 36 ಸೆಂ.ಮೀ. ಮಾಮೂಲಿ ಪಟ್ಟಿ ಹಾಕಿದಾಗ ನನ್ನ ಬಿಪಿ 148 ಬಂತು, ದೊಡ್ಡ ಪಟ್ಟಿಯಲ್ಲಿ 130. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ನಮ್ಮ ಮನೆಯ ಮಷಿನ್ ಪಟ್ಟಿಯ ಮೇಲೆ 22–32 ಅಂತ ಅಚ್ಚಾಗಿದೆ, ಅಂದರೆ ಅಷ್ಟು ಸೆಂ.ಮೀ. ಸುತ್ತಳತೆಯ ರಟ್ಟೆಗೆ ಮಾತ್ರ. ಇಷ್ಟು ವರ್ಷ ಅದು ಏನು ಅಂತಲೇ ನೋಡಿರಲಿಲ್ಲ. ಕಾಫಿ, ಸಿಗರೇಟು ಆದ ಅರ್ಧ ಗಂಟೆಯೊಳಗೆ ನೋಡಬೇಡಿ. ಮೂತ್ರ ಕಟ್ಟಿಕೊಂಡೂ ಕೂರಬೇಡಿ.

ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬಿಡಬೇಡಿ, ಅದು ಇನ್ನೂ ಅಪಾಯ. ಆದರೆ ಡೋಸ್ ಏರಿಸುವ ಮುಂಚೆ "ಇನ್ನೊಂದು ಸಲ ನೋಡ್ತೀರಾ, ಎಬ್ಬಿಸಿ ನಿಲ್ಲಿಸಿಯೂ ನೋಡ್ತೀರಾ?" ಅಂತ ಧೈರ್ಯವಾಗಿ ಕೇಳಿ. ಮನೆಗೆ ಬಂದ ಮೇಲೆ ತಲೆ ಸುತ್ತುತ್ತಾ ಅಂತ ಅವರನ್ನು ದಿನಾ ವಿಚಾರಿಸಿ. ತಾವಾಗಿ ಹೇಳುವುದಿಲ್ಲ.

ಅಮ್ಮನ ಪ್ಲಾಸ್ಟರ್ ಮೊನ್ನೆ ಬಿಚ್ಚಿದರು. ಬೆರಳು ಇನ್ನೂ ಪೂರ್ತಿ ಮಡಚಲು ಆಗುತ್ತಿಲ್ಲ. ಚಪಾತಿ ಹಿಟ್ಟು ನಾನೇ ಕಲಸುತ್ತಿದ್ದೇನೆ.