ಗುಂಡಿಗಳು ಹತ್ತಾರು, ಹೆಬ್ಬೆರಳು ಎರಡೇ: ರೇಸ್ ಸ್ಟೀರಿಂಗ್ ಒಂದರ ವಿಮರ್ಶೆ

ಪೆಟ್ಟಿಗೆಯಿಂದ ತೆಗೆದ ದಿನವೇ ಎಣಿಸಿ ನೋಡಿದೆ. ಮುಖದ ಮೇಲೆ 12 ಒತ್ತುಗುಂಡಿಗಳು, ಕೆಳಭಾಗದಲ್ಲಿ ಹನ್ನೆರಡು ಹನ್ನೆರಡು ಸ್ಥಾನಗಳಲ್ಲಿ ಕಟಕಟನೆ ನಿಲ್ಲುವ 3 ರೋಟರಿ ಸ್ವಿಚ್ಚುಗಳು, ಎರಡು ಹಿಡಿಗಳ ಪಕ್ಕದಲ್ಲಿ ಹೆಬ್ಬೆರಳಿನಿಂದ ತಿರುಗಿಸುವ 2 ಪುಟ್ಟ ಉರುಳೆಗಳು, ಹಿಂಬದಿಯಲ್ಲಿ ಬೆರಳಿನಿಂದ ಎಳೆಯುವ ಪ್ಯಾಡಲುಗಳು, ಗೇರಿಗೆ 2 ಮತ್ತು ಕ್ಲಚ್ಚಿಗೆ 2, ನಡುವೆ ಅಂಗೈಯಗಲದ ಪರದೆ, ಅದರ ನೆತ್ತಿಯ ಮೇಲೆ ಸಾಲಾಗಿ 15 ದೀಪಗಳು. ಫಾರ್ಮುಲಾ ಒನ್ ಕಾರಿನ ಸ್ಟೀರಿಂಗನ್ನು ಹೋಲುವಂತೆ ತಯಾರಿಸಿ, ಮನೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಕಾರು ಓಡಿಸುವ ಸಿಮ್ಯುಲೇಟರಿಗೆ ಜೋಡಿಸಿಕೊಳ್ಳಲೆಂದು ಮಾರುವ ಸ್ಟೀರಿಂಗ್ ಇದು. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ವರ್ಗದ ಅನೇಕ ಸ್ಟೀರಿಂಗುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆಯಾದ್ದರಿಂದ, ನಾನು ಹೇಳಲಿರುವ ಗುಣದೋಷಗಳು ಬೇರೆ ಯಾವುದನ್ನು ಕೊಳ್ಳಹೊರಟವರಿಗೂ ಉಪಯೋಗಕ್ಕೆ ಬಂದಾವು. ನಾಲ್ಕು ತಿಂಗಳಿಂದ, ವಾರಕ್ಕೆ ಮೂರು ನಾಲ್ಕು ಸಂಜೆಗಳಂತೆ, ಇದನ್ನೇ ಹಿಡಿದು ಓಡಿಸುತ್ತಿದ್ದೇನೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟೀರಿಂಗಿನ ಮೈಕಟ್ಟು ಗಟ್ಟಿಯಾಗಿದೆ, ಪ್ಯಾಡಲುಗಳು ಬಹಳ ಚೆನ್ನಾಗಿವೆ. ಆದರೆ ಗುಂಡಿಗಳನ್ನು ಜೋಡಿಸಿದವರು ನಿಜವಾದ ರೇಸ್ ಸ್ಟೀರಿಂಗಿನ ಚಿತ್ರವನ್ನು ನೋಡಿದ್ದಾರೆಯೇ ಹೊರತು ಅದನ್ನು ಹಿಡಿದ ಕೈಯನ್ನು ನೋಡಿಲ್ಲ. ಈ ಮಕ್ಕಿಕಾಮಕ್ಕಿ ನಕಲಿನಲ್ಲಿ ಗುಂಡಿಯ ಬಣ್ಣವೂ ಬಂದಿದೆ, ಅದರ ಮೇಲಿನ ಅಕ್ಷರವೂ ಬಂದಿದೆ, ಅದು ಅಲ್ಲೇ ಏಕೆ ಇದೆ ಎಂಬ ಕಾರಣ ಮಾತ್ರ ಬಂದಿಲ್ಲ.

ಆ ಕಾರಣ ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. 1980ರ ದಶಕದಲ್ಲಿ ಫಾರ್ಮುಲಾ ಒನ್ ಚಾಲಕರು ಒಂದು ಕೈಯನ್ನು ಸ್ಟೀರಿಂಗಿನಿಂದ ತೆಗೆದು, ಪಕ್ಕದಲ್ಲಿದ್ದ ಗೇರ್ ಲಿವರನ್ನು ಎಳೆದು ನೂಕಿ ಗೇರು ಬದಲಿಸುತ್ತಿದ್ದರು. ಸ್ಟೀರಿಂಗ್ ಎಂದರೆ ದುಂಡನೆಯ ಒಂದು ಹಿಡಿ, ಅದರ ಮೇಲೆ ಹೆಚ್ಚೆಂದರೆ ಒಂದೆರಡು ಗುಂಡಿ. 1989ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸಗೊಳಿಸಿದ ಫೆರಾರಿ 640 ಕಾರು ಗೇರನ್ನು ಸ್ಟೀರಿಂಗಿನ ಹಿಂದಿನ ಪ್ಯಾಡಲುಗಳಿಗೆ ತಂದಿತು, ಮತ್ತು ಆ ವರ್ಷದ ಮೊದಲ ರೇಸಿನಲ್ಲಿ, ಬ್ರೆಜಿಲ್‌ನ ಜಕರೆಪಗುವಾದಲ್ಲಿ, ನೈಜೆಲ್ ಮ್ಯಾನ್ಸೆಲ್ ಅದೇ ಕಾರಿನಲ್ಲಿ ಗೆದ್ದರು. ಕೈ ಸ್ಟೀರಿಂಗನ್ನು ಬಿಡಬೇಕಾಗಿಲ್ಲ ಎಂದಾದ ಮೇಲೆ, ಕಾಕ್‌ಪಿಟ್ಟಿನ ಮೂಲೆಗಳಲ್ಲಿದ್ದ ಸ್ವಿಚ್ಚುಗಳು ಒಂದೊಂದಾಗಿ ಕೈಯ ಬಳಿಗೆ ಬಂದು ಸೇರಿಕೊಂಡವು. 2008ರಲ್ಲಿ ಎಲ್ಲ ತಂಡಗಳಿಗೂ ಒಂದೇ ನಿಯಂತ್ರಣ ಕಂಪ್ಯೂಟರ್ ಕಡ್ಡಾಯವಾಗಿ, ಹಿಂಬದಿಯ ಗಾಲಿಗಳು ಜಾರದಂತೆ ತಾನೇ ನೋಡಿಕೊಳ್ಳುತ್ತಿದ್ದ ಟ್ರ್ಯಾಕ್ಷನ್ ಕಂಟ್ರೋಲ್ ನಿಷೇಧವಾಯಿತು. ಯಂತ್ರ ತಾನಾಗಿ ಮಾಡಬಾರದು ಎಂದು ನಿಯಮ ಹೇಳಿದ ಕೆಲಸಗಳೆಲ್ಲ ಚಾಲಕನ ಬೆರಳಿನ ಪಾಲಿಗೆ ಬಿದ್ದವು. ಬ್ರೇಕಿನ ಶಕ್ತಿಯನ್ನು ಕೂಡಿಟ್ಟು ಮರಳಿ ಬಳಸುವ ಕರ್ಸ್ 2009ರಲ್ಲಿ, ಹಿಂಬದಿಯ ರೆಕ್ಕೆಯನ್ನು ತೆರೆಯುವ ಡಿಆರ್‌ಎಸ್ 2011ರಲ್ಲಿ, ಹೈಬ್ರಿಡ್ ಟರ್ಬೊ ಎಂಜಿನ್ 2014ರಲ್ಲಿ ಬಂದಾಗ ಪ್ರತಿಯೊಂದೂ ತನ್ನ ಜೊತೆಗೆ ಒಂದಿಷ್ಟು ಗುಂಡಿಗಳನ್ನು ತಂದಿತು. ನನ್ನ ಸ್ಟೀರಿಂಗಿನ ಮೇಲೆ ಡಿಆರ್‌ಎಸ್ ಎಂಬ ಅಕ್ಷರಗಳನ್ನು ಅಳಿಸಲಾಗದಂತೆ ಅಚ್ಚೊತ್ತಿದ್ದಾರೆ; 2026ರ ನಿಯಮಗಳಲ್ಲಿ ಆ ವ್ಯವಸ್ಥೆಯೇ ಇಲ್ಲ.

ಈ ಎಲ್ಲ ನಿಯಂತ್ರಣಗಳಲ್ಲಿ ಬೆರಳಿಗೆ ಬಿಡುವು ಕೊಡದಿರುವುದು ಬ್ರೇಕ್ ಬಯಾಸ್, ಅಂದರೆ ಬ್ರೇಕಿನ ಬಲವನ್ನು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಹಂಚುವ ಪ್ರಮಾಣ. ಬಲ ಮುಂದಕ್ಕೆ ಹೆಚ್ಚಾದರೆ ಮುಂದಿನ ಟೈರುಗಳು ಉರುಳುವುದನ್ನು ನಿಲ್ಲಿಸಿ ಹೊಗೆಯೆಬ್ಬಿಸುತ್ತವೆ, ಕಾರು ತಿರುಗದೆ ನೇರ ಹೋಗುತ್ತದೆ. ಹಿಂದಕ್ಕೆ ಹೆಚ್ಚಾದರೆ ಕಾರು ಬಾಲ ತಿರುಗಿಸಿ ಬಂದ ದಾರಿಯ ಕಡೆಗೇ ಮುಖ ಮಾಡುತ್ತದೆ. ವೇಗದ ತಿರುವಿಗೆ ಬೇಕಾದ ಹಂಚಿಕೆ ಬೇರೆ, ನಿಧಾನದ ತಿರುವಿಗೆ ಬೇಕಾದುದು ಬೇರೆ. ರೇಸಿನ ಆರಂಭದಲ್ಲಿ ಟ್ಯಾಂಕಿನ ತುಂಬ ಇಂಧನವಿದ್ದ ಕಾರು ಕೊನೆಗೆ ಆ ಭಾರದ ಬಹುಪಾಲನ್ನು ಕಳೆದುಕೊಂಡಿರುತ್ತದೆ, ಟೈರುಗಳು ಸವೆದಿರುತ್ತವೆ, ಬ್ಯಾಟರಿಗಾಗಿ ಹಿಂದಿನ ಗಾಲಿಗಳಿಂದ ಶಕ್ತಿಯನ್ನು ಹೀರುವ ಮೋಟರಿನ ಎಳೆತವೂ ಇದರಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಚಾಲಕರು ಒಂದೇ ಸುತ್ತಿನಲ್ಲಿ ಹಲವು ಬಾರಿ ಇದನ್ನು ಬದಲಿಸುವುದುಂಟು. ಹಿಂದಿನ ಎಡ ಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್‌ನ ಕಥೆಯೂ ಹೀಗೆಯೇ: ತಿರುವಿನ ಪ್ರವೇಶಕ್ಕೊಂದು, ನಡುವಿಗೊಂದು, ನಿರ್ಗಮನಕ್ಕೊಂದು ಹೊಂದಾಣಿಕೆ. ಮೊದಲ ವಾರಗಳಲ್ಲಿ ನನಗೆ ಇವುಗಳ ವ್ಯತ್ಯಾಸ ಕೈಗೆ ಹತ್ತದೆ, ಮುಂದಿನ ಟೈರು ಜಾರಿದಾಗ ನಿರ್ಗಮನದ ಡಿಫರೆನ್ಷಿಯಲ್ ತಿರುಗಿಸುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಈಗ ಎಡಗಡೆಯ ಉರುಳೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೂರಿನ ತಿರುಳು ಅಲ್ಲಿದೆ. ತಯಾರಕರು ಬ್ರೇಕ್ ಬಯಾಸನ್ನು ಇದಕ್ಕೆ ಜೋಡಿಸಿ ಕಳಿಸುತ್ತಾರೆ. ಎಡಗೈಯಿಂದ ಹಿಡಿಯನ್ನು ಸಹಜವಾಗಿ ಹಿಡಿದಾಗ ಹೆಬ್ಬೆರಳಿನ ಬುಡದ ಮಾಂಸಲ ಭಾಗ ಸರಿಯಾಗಿ ಅದರ ಅಂಚಿನ ಮೇಲೆ ಕೂರುತ್ತದೆ. ಉರುಳೆ ಎಷ್ಟು ಹಗುರವೆಂದರೆ ಒಂದೊಂದು ಹಲ್ಲು ದಾಟುವುದು ಬೆರಳಿಗೆ ತಿಳಿಯುವುದೇ ಇಲ್ಲ, ಕಿವಿಗೆ ಮಾತ್ರ ತಿಳಿಯುತ್ತದೆ, ಮತ್ತು ಹೆಡ್‌ಫೋನ್ ಹಾಕಿಕೊಂಡ ಮೇಲೆ ಕಿವಿಗೂ ತಿಳಿಯುವುದಿಲ್ಲ. ತಿರುವಿನ ಅಂಚಿನ ಪಟ್ಟೆಗಳ ಮೇಲೆ ಕಾರು ಹತ್ತಿದಾಗ ಸಿಮ್ಯುಲೇಟರಿನ ಮೋಟರ್ ಸ್ಟೀರಿಂಗನ್ನು ಗಡಗಡ ಅಲುಗಿಸುತ್ತದೆ, ಅಂಗೈ ಬಿಗಿಯಾಗುತ್ತದೆ, ಉರುಳೆ ಮೂರು ನಾಲ್ಕು ಹಲ್ಲು ಮುಂದಕ್ಕೆ ಸರಿದಿರುತ್ತದೆ. ನನಗೆ ಗೊತ್ತಾಗುವುದು ಮುಂದಿನ ತಿರುವಿನಲ್ಲಿ, ಬ್ರೇಕ್ ಒತ್ತಿ ಮುಂದಿನ ಎರಡೂ ಟೈರುಗಳು ಬಿಗಿದುಕೊಂಡಾಗ. ಮೊದಲೆರಡು ಬಾರಿ ನನ್ನ ಕಾಲನ್ನೇ ಬೈದುಕೊಂಡೆ. ಮೂರನೆಯ ಬಾರಿ ಪರದೆಯ ಮೂಲೆಯಲ್ಲಿದ್ದ ಅಂಕಿಯನ್ನು ನೋಡಿದಾಗ ಕಳ್ಳ ಸಿಕ್ಕಿಬಿದ್ದ.

ಇದು ಮನೆಯ ಆಟಿಕೆಯ ದೋಷವೆಂದು ತಳ್ಳಿಹಾಕುವ ಹಾಗಿಲ್ಲ. 2021ರ ಜೂನ್ ತಿಂಗಳಲ್ಲಿ ಬಾಕುವಿನಲ್ಲಿ ನಡೆದ ಅಜರ್‌ಬೈಜಾನ್ ಗ್ರ್ಯಾಂಡ್ ಪ್ರಿಯಲ್ಲಿ, ಮ್ಯಾಕ್ಸ್ ವರ್ಸ್ಟಾಪನ್ ಅವರ ಟೈರು ಸಿಡಿದು ರೇಸ್ ನಿಂತು, ಕೊನೆಯ ಎರಡು ಸುತ್ತುಗಳಿಗಾಗಿ ಮತ್ತೆ ಆರಂಭವಾದಾಗ, ಎರಡನೆಯ ಸ್ಥಾನದಿಂದ ಹೊರಟ ಲೂಯಿಸ್ ಹ್ಯಾಮಿಲ್ಟನ್ ಮೊದಲ ತಿರುವಿನಲ್ಲೇ ನೇರ ಹೊರಗೆ ಹೋದರು. ಬ್ರೇಕುಗಳನ್ನು ಮತ್ತು ಮುಂದಿನ ಟೈರುಗಳನ್ನು ಬಿಸಿಮಾಡಲು, ರೇಸಿಗೆ ಮುಂಚಿನ ನಿಧಾನದ ಸುತ್ತಿನಲ್ಲಿ, ಬ್ರೇಕಿನ ಬಲವನ್ನು ಬಹುಪಾಲು ಮುಂದಕ್ಕೆ ತಳ್ಳುವ ವ್ಯವಸ್ಥೆಯೊಂದು ಅವರ ಕಾರಿನಲ್ಲಿತ್ತು. ತಂಡದವರು ಅದನ್ನು ‘ಮ್ಯಾಜಿಕ್’ ಎಂದು ಕರೆಯುತ್ತಿದ್ದರು. ಆರಂಭದ ಗಡಿಬಿಡಿಯಲ್ಲಿ ಅರಿವಿಲ್ಲದೆ ಕೈ ತಾಗಿ ಅದು ಚಾಲೂ ಆಗಿತ್ತು. ಗೆಲ್ಲಬಹುದಾಗಿದ್ದವರು 15ನೆಯವರಾಗಿ ಮುಗಿಸಿದರು. ಅಷ್ಟು ಪಳಗಿದ ಕೈಯೂ ತಪ್ಪುತ್ತದೆ ಎಂದು ಗೊತ್ತಾದ ಮೇಲೆ ತಂಡ ಆ ಗುಂಡಿಗೆ ಕೈ ತಾಗದಂತೆ ಮರೆ ಕಟ್ಟಿತು. ನನ್ನ ಸ್ಟೀರಿಂಗಿನ ಉರುಳೆಗೆ ಅಂತಹ ಒಂದು ಏಣು ಸಾಕಿತ್ತು, ಪ್ಲಾಸ್ಟಿಕ್ಕಿನ ಎರಡು ಮಿಲಿಮೀಟರ್.

ರೋಟರಿ ಸ್ವಿಚ್ಚುಗಳ ತೊಡಕು ಬೇರೆ ಬಗೆಯದು. ಗುಂಡಿಯೊಂದಕ್ಕೆ ಒಂದೇ ಕೆಲಸವಿದ್ದರೆ ಅದರ ಜಾಗವನ್ನು ನೆನಪಿಟ್ಟುಕೊಂಡರೆ ಸಾಕು. ಆದರೆ ಹೊಂದಿಸಬೇಕಾದ ಸಂಗತಿಗಳು ಗುಂಡಿಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿರುವುದರಿಂದ, ನಡುವಿನ ರೋಟರಿಯಲ್ಲಿ ಮೊದಲು ವಿಷಯವನ್ನು ಆರಿಸಿಕೊಂಡು, ಆಮೇಲೆ ಮೇಲಿನ ಕೂಡುವ ಕಳೆಯುವ ಗುಂಡಿಗಳಿಂದ ಅದರ ಪ್ರಮಾಣವನ್ನು ಬದಲಿಸುವ ಪದ್ಧತಿ ಬಂದಿದೆ. ಆಗ ಒಂದೇ ಗುಂಡಿ ಈ ಕ್ಷಣ ಒಂದು ಕೆಲಸ ಮಾಡಿದರೆ ಮರುಕ್ಷಣ ಇನ್ನೊಂದನ್ನು ಮಾಡುತ್ತದೆ, ಮತ್ತು ಗುಂಡಿಯನ್ನು ಮುಟ್ಟಿ ನೋಡಿ ಅದನ್ನು ತಿಳಿಯಲಾಗುವುದಿಲ್ಲ. 2016ರಲ್ಲಿ ಎಂಜಿನಿಯರುಗಳು ರೇಡಿಯೋದಲ್ಲಿ ಚಾಲಕರಿಗೆ ಹೇಳಿಕೊಡುವುದನ್ನು ನಿಯಮ ಬಿಗಿಯಾಗಿ ತಡೆದಿತ್ತು. ಆ ವರ್ಷ ಬಾಕುವಿನಲ್ಲೇ ನಡೆದ ಯುರೋಪಿಯನ್ ಗ್ರ್ಯಾಂಡ್ ಪ್ರಿಯಲ್ಲಿ ಹ್ಯಾಮಿಲ್ಟನ್ ಅವರ ಎಂಜಿನ್ ತಪ್ಪು ಹೊಂದಾಣಿಕೆಯಲ್ಲಿ ಸಿಕ್ಕಿಕೊಂಡು ಶಕ್ತಿ ಕುಂದಿತು. ಯಾವ ಸ್ವಿಚ್ಚಿನ ಯಾವ ಸ್ಥಾನ ತಪ್ಪಾಗಿದೆ ಎಂದು ತಂಡಕ್ಕೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಗೋಡೆಗಳ ನಡುವೆ ಮುನ್ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತ, ಅವರು ಹಲವು ಸುತ್ತುಗಳ ಕಾಲ ಸ್ಟೀರಿಂಗನ್ನೇ ನೋಡುತ್ತ ಒಂದೊಂದನ್ನಾಗಿ ಪರೀಕ್ಷಿಸಬೇಕಾಯಿತು. ಮರುತಿಂಗಳು ಸಿಲ್ವರ್‌ಸ್ಟೋನಿನಲ್ಲಿ ನಿಕೋ ರೋಸ್‌ಬರ್ಗ್ ಅವರಿಗೆ ಗೇರುಪೆಟ್ಟಿಗೆಯ ತೊಂದರೆಯ ಬಗ್ಗೆ ರೇಡಿಯೋದಲ್ಲಿ ಹೇಳಿಕೊಟ್ಟದ್ದಕ್ಕೆ 10 ಸೆಕೆಂಡುಗಳ ದಂಡ ಬಿದ್ದು, ಎರಡನೆಯ ಸ್ಥಾನ ಮೂರನೆಯದಾಯಿತು. ಅದೇ ಜುಲೈ ಕೊನೆಯ ಜರ್ಮನಿಯ ರೇಸಿನಿಂದ ಆ ನಿರ್ಬಂಧವನ್ನು ಸಡಿಲಿಸಿದರು.

ನನ್ನ ಸ್ಟೀರಿಂಗಿನ ರೋಟರಿಗಳ ಕಟಕಟ ಚೆನ್ನಾಗಿದೆ, ಒಂದೊಂದು ಸ್ಥಾನವೂ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಆದರೆ ಅವಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಹನ್ನೆರಡಾದ ಮೇಲೆ ತಡೆಯಿಲ್ಲದೆ ಮತ್ತೆ ಒಂದಕ್ಕೆ ಬರುವುದರಿಂದ, ಒಂದು ತುದಿಗೆ ತಿರುಗಿಸಿ ಅಲ್ಲಿಂದ ಎಣಿಸೋಣವೆಂದರೆ ತುದಿಯೇ ಇರುವುದಿಲ್ಲ. ಗುಬಟಿನ ಮೇಲಿನ ಬಿಳಿ ಗೆರೆ ನನ್ನ ಬೆಳಕಿನಲ್ಲಿ ಕಾಣುತ್ತದೆ, ಕಣ್ಣನ್ನು ರಸ್ತೆಯಿಂದ ಕೆಳಗಿಳಿಸಿದರೆ ಮಾತ್ರ. ಇದಕ್ಕೆ ಪರಿಹಾರವೆಂದು ಪರದೆಯ ಮೇಲೆ, ಸ್ವಿಚ್ ತಿರುಗಿಸಿದ ಕೂಡಲೇ, ಆಯ್ದ ವಿಷಯದ ಹೆಸರು ದೊಡ್ಡ ಅಕ್ಷರಗಳಲ್ಲಿ ಮೂಡುವಂತೆ ಮಾಡಿದ್ದಾರೆ. ಯೋಚನೆ ಸರಿಯಾದದ್ದು, ನಿಜವಾದ ಕಾರುಗಳಲ್ಲಿಯೂ ಹೀಗೆಯೇ ಇರುತ್ತದೆ. ಇಲ್ಲಿ ಅದು ಮೂರು ಸೆಕೆಂಡು ಕದಲದೆ ನಿಂತು ಗೇರಿನ ಸಂಖ್ಯೆಯನ್ನು ಮುಚ್ಚಿಬಿಡುತ್ತದೆ. ರೇಸಿನಲ್ಲಿ ಮೂರು ಸೆಕೆಂಡು ಎಂದರೆ ಒಂದು ತಿರುವು ಬಂದು ಹೋಗಿರುತ್ತದೆ. ಜೊತೆಗೆ ಕೊಟ್ಟ ಸಾಫ್ಟ್‌ವೇರಿನಲ್ಲಿ ಈ ಅವಧಿಯನ್ನು ಬದಲಿಸುವ ಅವಕಾಶವನ್ನು ಎಷ್ಟು ಹುಡುಕಿದರೂ ಕಾಣಲಿಲ್ಲ. ಗ್ರಾಹಕ ಸೇವೆಗೆ ಬರೆದ ಎರಡು ಪತ್ರಗಳಿಗೆ, ನಿಮ್ಮ ಸಲಹೆಯನ್ನು ಸಂಬಂಧಪಟ್ಟವರಿಗೆ ತಲುಪಿಸಲಾಗಿದೆ ಎಂಬ ಒಂದೇ ಉತ್ತರ ಎರಡು ಬಾರಿ ಬಂತು.

ಹೊಗಳಬೇಕಾದದ್ದು ಪ್ಯಾಡಲುಗಳನ್ನು. ಗೇರಿನ ಪ್ಯಾಡಲುಗಳಲ್ಲಿ ಅಯಸ್ಕಾಂತವಿದ್ದು, ಎಳೆದಾಗ ಮೊದಲು ತಡೆದು ಆಮೇಲೆ ಟಕ್ಕೆಂದು ಬಿಟ್ಟುಕೊಡುತ್ತವೆ. ಗೇರು ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಎಡೆಯೇ ಇಲ್ಲ. ಕ್ಲಚ್ ಪ್ಯಾಡಲುಗಳಲ್ಲಿ ಉಜ್ಜಿ ಸವೆಯುವ ಭಾಗವಿಲ್ಲದ ಹಾಲ್ ಸೆನ್ಸರ್ ಇದೆ, ಕೂದಲೆಳೆಯಷ್ಟು ಚಲನೆಯೂ ದಾಖಲಾಗುತ್ತದೆ. ರೇಸಿನ ಆರಂಭದಲ್ಲಿ ಇದರ ಬೆಲೆ ತಿಳಿಯುತ್ತದೆ. ಒಂದು ಪ್ಯಾಡಲನ್ನು ಪೂರ್ತಿ, ಇನ್ನೊಂದನ್ನು ಕ್ಲಚ್ ಹಿಡಿಯತೊಡಗುವ ಬಿಂದುವಿನವರೆಗೆ ಎಳೆದುಕೊಂಡು, ರೇಸ್ ಆರಂಭದ ದೀಪಗಳು ಆರಿದೊಡನೆ ಮೊದಲನೆಯದನ್ನು ಥಟ್ಟನೆ ಬಿಟ್ಟು, ಎರಡನೆಯದನ್ನು ಕಾರು ವೇಗ ಪಡೆದಂತೆಲ್ಲ ಮೆಲ್ಲಮೆಲ್ಲನೆ ಸಡಿಲಿಸಬೇಕು. ಈ ವಿಧಾನದಿಂದ ಆರಂಭ ತೀರ ಸುಲಭವಾಗುತ್ತದೆಂದೇ ಫಾರ್ಮುಲಾ ಒನ್ 2016ರಿಂದ ಆರಂಭಕ್ಕೆ ಒಂದೇ ಕ್ಲಚ್ ಪ್ಯಾಡಲ್ ಸಾಕೆಂದು ವಿಧಿಸಿತು. ಒಂದು ಪ್ಯಾಡಲನ್ನು ಕಿತ್ತು ನಾನೂ ಅಭ್ಯಾಸ ಮಾಡಿ ನೋಡಿದೆ. ಹತ್ತರಲ್ಲಿ ಆರು ಬಾರಿ ಗಾಲಿ ನಿಂತಲ್ಲೇ ಗಿರಗಿರನೆ ಸುತ್ತಿತು, ಉಳಿದ ನಾಲ್ಕರಲ್ಲಿ ಎಂಜಿನ್ ಬಂದಾಯಿತು, ಆಮೇಲೆ ಪ್ಯಾಡಲನ್ನು ಮರಳಿ ಕೂರಿಸಿದೆ.

ಒತ್ತುಗುಂಡಿಗಳು ಸಾಕಷ್ಟು ಬಿರುಸಾಗಿವೆ, ಕೈಗವಸು ಹಾಕಿಕೊಂಡಾಗಲೂ ಒತ್ತಿದ್ದು ತಿಳಿಯುತ್ತದೆ. ಟೈರು ಬದಲಿಸಲು ಕಾರುಗಳು ಬರುವ ಪಿಟ್ ಲೇನಿನ ವೇಗಮಿತಿಯ ಗುಂಡಿಯನ್ನೂ ನ್ಯೂಟ್ರಲ್ ಗುಂಡಿಯನ್ನೂ ಒಂದಕ್ಕೊಂದು ಅಂಟಿಸಿದಂತೆ ಇಟ್ಟಿರುವುದು ಮಾತ್ರ ಕ್ಷಮಿಸಲಾಗದ ಎಡವಟ್ಟು. ಗಂಟೆಗೆ 80 ಕಿಲೋಮೀಟರ್ ಮಿತಿಯ ಗೆರೆ ಹತ್ತಿರವಾಗುವಾಗ ಕಾರನ್ನು ನ್ಯೂಟ್ರಲ್ಲಿಗೆ ಹಾಕಿದ ಅನುಭವ ನನಗೆ ಐದಾರು ಬಾರಿ ಆಗಿದೆ. ಸ್ಟೀರಿಂಗನ್ನು ಕಳಚುವ ಹಿಂಬದಿಯ ಉಂಗುರ ಬಿಗಿಯಾಗಿ ಕೂರುತ್ತದೆ, ಅಲುಗಾಟವಿಲ್ಲ. ಪರದೆಯ ಮೇಲಿನ ದೀಪಗಳು ರಾತ್ರಿ ಹೊತ್ತು ಕಣ್ಣು ಕುಕ್ಕುತ್ತವೆ, ಪ್ರಖರತೆಯನ್ನು ಅರ್ಧಕ್ಕಿಳಿಸಿದರೆ ಸರಿಹೋಗುತ್ತದೆ.

ಸಿಮ್ಯುಲೇಟರಿಗೆ ಹೊಸಬರಾದವರಿಗೆ ಇದನ್ನು ಕೊಳ್ಳಿರೆಂದು ಹೇಳಲಾರೆ. ಅವರಿಗೆ ನಾಲ್ಕಾರು ಗುಂಡಿಗಳ ದುಂಡು ಸ್ಟೀರಿಂಗೇ ವಾಸಿ. ಫಾರ್ಮುಲಾ ಮಾದರಿಯ ಕಾರುಗಳನ್ನೇ ಓಡಿಸುವವರು, ಪ್ಯಾಡಲುಗಳಿಗಾಗಿಯಾದರೂ, ಕೊಳ್ಳಬಹುದು. ಆದರೆ ತಯಾರಕರ ಜೋಡಣೆಯನ್ನು ಅಳಿಸಿ ತಮ್ಮ ಕೈಯ ಅಳತೆಗೆ ಹೊಸದಾಗಿ ಜೋಡಿಸಿಕೊಳ್ಳಲು ಒಂದೆರಡು ವಾರ ಎತ್ತಿಡಬೇಕು. ನಾನು ಎರಡೂ ಉರುಳೆಗಳನ್ನು ಸಾಫ್ಟ್‌ವೇರಿನಲ್ಲಿ ನಿಷ್ಕ್ರಿಯಗೊಳಿಸಿ, ಬ್ರೇಕ್ ಬಯಾಸನ್ನು ಎಡಹೆಬ್ಬೆರಳು ಚಾಚಿದರೆ ಸಿಗುವ ಮೇಲಿನ ಎರಡು ಗುಂಡಿಗಳಿಗೆ ಕೊಟ್ಟಿದ್ದೇನೆ. ಡಿಫರೆನ್ಷಿಯಲ್‌ನ ಮೂರು ಹೊಂದಾಣಿಕೆಗಳು ಒಂದೊಂದು ರೋಟರಿಗೆ ಹೋಗಿವೆ, ಅದರಿಂದ ವಿಷಯ ಆರಿಸುವ ಎರಡು ಹಂತದ ಪದ್ಧತಿಯೇ ತಪ್ಪಿದೆ. ಪಿಟ್ ವೇಗಮಿತಿ ಬಲಗಡೆಯ ಮೂಲೆಯ ಗುಂಡಿಗೆ ಬಂದಿದೆ, ಅದರ ತಲೆಯ ಮೇಲೆ ಒಂದು ಹನಿ ಅಂಟು ಒಣಗಿಸಿ ಗಂಟು ಮಾಡಿದ್ದೇನೆ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಡಿಆರ್‌ಎಸ್ ಎಂದು ಅಚ್ಚಾಗಿರುವುದೂ ಸೇರಿ ಐದು ಗುಂಡಿಗಳಿಗೆ ಈಗ ಯಾವ ಕೆಲಸವೂ ಇಲ್ಲ.